ಮಲ್ಟಿಪಲ್ ಯೂಸ್: ಒಂದೇ ಕಾಡು, ಹಲವು ಹಕ್ಕುದಾರರು

ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ನೋಡೋಣವೆಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗಕ್ಕೆ ಹೋದವರಿಗೆ ಒಂದು ಗೊಂದಲ ಆಗುವುದುಂಟು. ‘ನ್ಯಾಷನಲ್ ಫಾರೆಸ್ಟ್’ ಎಂಬ ಬೋರ್ಡ್ ದಾಟಿ ಸ್ವಲ್ಪ ದೂರ ಹೋಗಿರುತ್ತಾರೆ, ಎದುರಿಗೆ ದಿಮ್ಮಿ ತುಂಬಿದ ಲಾರಿ ಬರುತ್ತದೆ. ಸರ್ಕಾರಿ ಕಾಡಿನಲ್ಲಿ ಮರ ಕಡಿಯುತ್ತಾರಾ? ಕಡಿಯುತ್ತಾರೆ, ಕಾನೂನಿನ ಪ್ರಕಾರವೇ ಕಡಿಯುತ್ತಾರೆ. ಅದೇ ಕಾಡಿನಲ್ಲಿ ಟೆಂಟ್ ಹಾಕಿ ಮಲಗಬಹುದು, ಮೀನು ಹಿಡಿಯಬಹುದು, ರಾಜ್ಯದ ಲೈಸೆನ್ಸ್ ಇದ್ದರೆ ಬೇಟೆಯನ್ನೂ ಆಡಬಹುದು. ಈ ಏರ್ಪಾಟಿಗೆ ಅಲ್ಲಿನವರು ಹೇಳುವ ಹೆಸರು ಮಲ್ಟಿಪಲ್ ಯೂಸ್. ಒಂದೇ ಸಾರ್ವಜನಿಕ ಕಾಡನ್ನು ಹಲವು ಕೆಲಸಗಳಿಗೆ ಹಂಚಿ ನಡೆಸುವ ಕ್ರಮ ಅದು.

ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಯೆಲ್ಲೋಸ್ಟೋನ್‌ನಂಥ ಪಾರ್ಕ್‌ಗಳು ಇಂಟೀರಿಯರ್ ಎಂಬ ಇಲಾಖೆಯ ನ್ಯಾಷನಲ್ ಪಾರ್ಕ್ ಸರ್ವಿಸ್ ಕೈಯಲ್ಲಿವೆ. ಕಾಯುವುದು, ತೋರಿಸುವುದು ಅದರ ಕೆಲಸ. ನ್ಯಾಷನಲ್ ಫಾರೆಸ್ಟ್‌ಗಳನ್ನು ನೋಡಿಕೊಳ್ಳುವುದು ಫಾರೆಸ್ಟ್ ಸರ್ವಿಸ್. ಅದು ಇರುವುದು ಕೃಷಿ ಇಲಾಖೆಯ ಕೆಳಗೆ. ಮರವನ್ನೂ ಒಂದು ಬೆಳೆ ಎಂದು ನೋಡುವ ಬುದ್ಧಿ ಅಲ್ಲಿಂದಲೇ ಶುರುವಾಗುತ್ತದೆ.

ಮಲ್ಟಿಪಲ್ ಯೂಸ್ ಬಗ್ಗೆ 1960ರಲ್ಲಿ ಬಂದ ಕಾಯ್ದೆ ಐದು ಬಳಕೆಗಳನ್ನು ಹೆಸರಿಸುತ್ತದೆ: ಹೊರಾಂಗಣ ವಿಹಾರ, ದನಕರು ಮೇಯಿಸುವುದು, ಮರಮಟ್ಟು, ನೀರಿನ ಜಲಾನಯನ, ಕಾಡುಪ್ರಾಣಿ ಮತ್ತು ಮೀನು. ಜನ ಸಾಮಾನ್ಯವಾಗಿ ಇಷ್ಟನ್ನೇ ಓದಿ ಬಿಡುತ್ತಾರೆ. ಆಮೇಲೆ ಪ್ರತಿ ಎಕರೆಯಲ್ಲೂ ಐದೂ ನಡೆಯಬೇಕು ಎಂದುಕೊಳ್ಳುತ್ತಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಕೆಲವು ಜಾಗಗಳಲ್ಲಿ ಎಲ್ಲ ಬಳಕೆಗಳೂ ಇರಬೇಕಿಲ್ಲ ಎಂದು ಅದರಲ್ಲೇ ಇದೆ. ಅತಿ ಹೆಚ್ಚು ಹಣ ತರುವ ಬಳಕೆಯನ್ನೇ ಆರಿಸಬೇಕೆಂದೇನೂ ಇಲ್ಲ ಎಂಬ ಮಾತೂ ಇದೆ. ನನಗೆ ಇಡೀ ಕಾಯ್ದೆಯಲ್ಲಿ ಬಹಳ ಮುಖ್ಯ ಅನ್ನಿಸುವುದು ಈ ಎರಡು ಮಾತು. ಎಲ್ಲಿ ಏನು, ಯಾವಾಗ ಏನು ಎಂದು ತೀರ್ಮಾನಿಸುವ ಜವಾಬ್ದಾರಿಯನ್ನು ಅವು ಮನುಷ್ಯರ ತಲೆಗೆ ಕಟ್ಟುತ್ತವೆ.

ಇದು ಹೇಗೆ ನಡೆಯುತ್ತದೆ ಎಂದು ನೋಡಲು ಶವಾಮೆಗನ್-ನಿಕೊಲೇ ನ್ಯಾಷನಲ್ ಫಾರೆಸ್ಟ್ ಒಳ್ಳೆಯ ಜಾಗ. ಉತ್ತರ ವಿಸ್ಕಾನ್ಸಿನ್‌ನಲ್ಲಿ 15 ಲಕ್ಷ ಎಕರೆಗೂ ಜಾಸ್ತಿ ಹರಡಿದೆ. ಸ್ಥಳೀಯರು ಈ ಸೀಮೆಯನ್ನು ನಾರ್ತ್‌ವುಡ್ಸ್ ಅನ್ನುತ್ತಾರೆ. ಮೇಪಲ್, ಬರ್ಚ್, ಪೈನ್, ಹೆಮ್‌ಲಾಕ್ ಮರಗಳು, ನಡುನಡುವೆ ಕೆರೆ, ಜೌಗು.

ಈಗ ನೋಡಿದರೆ ಎಂದೂ ಹೀಗೇ ಇತ್ತೇನೋ ಅನ್ನಿಸುತ್ತದೆ. ಇರಲಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಮರದ ಕಂಪನಿಗಳು ವೈಟ್ ಪೈನ್ ಮರಗಳನ್ನು ಬಳಿದು ಸಾಗಿಸಿದ್ದವು. ಬಿಟ್ಟುಹೋದ ರೆಂಬೆಕೊಂಬೆ ಒಣಗಿ ಮತ್ತೆ ಮತ್ತೆ ಬೆಂಕಿ ಬಿತ್ತು. 1871ರ ಅಕ್ಟೋಬರ್ 8ರಂದು ರಾಜ್ಯದ ಈಶಾನ್ಯ ಮೂಲೆಯ ಪೆಶ್ಟಿಗೋ ಊರಿನ ಸುತ್ತ ಎದ್ದ ಬೆಂಕಿಗೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಮೋಟು ಬಿದ್ದ ಈ ನೆಲಕ್ಕೆ ‘ಕಟ್‌ಓವರ್’ ಎಂಬ ಹೆಸರು ಬಿತ್ತು. ರೈತರು ಬಂದು ಬೇರು ಕಿತ್ತು ಬಿತ್ತಿದರು. ಮಣ್ಣಿನಲ್ಲಿ ಸತ್ವವಿಲ್ಲ, ಬೇಸಿಗೆ ಮೊಟಕು. ತೆರಿಗೆ ಕಟ್ಟಲಾಗದೆ ಎಷ್ಟೋ ಜನ ನೆಲ ಬಿಟ್ಟು ಹೋದರು. ಅಂಥ ನೆಲವನ್ನು ಕೇಂದ್ರ ಸರ್ಕಾರ ಕೊಂಡು, 1933ರಲ್ಲಿ ಎರಡು ನ್ಯಾಷನಲ್ ಫಾರೆಸ್ಟ್ ಎಂದು ಘೋಷಿಸಿತು. ಈಗ ಎರಡೂ ಒಂದೇ ಆಡಳಿತದಲ್ಲಿವೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ಹುಡುಗರನ್ನು ಸೇರಿಸಿಕೊಂಡ ಸಿಸಿಸಿ ಎಂಬ ಪಡೆ ಇಲ್ಲಿ ಗಿಡ ನೆಟ್ಟಿತು. ಸಾಲು ಹಿಡಿದು ನಿಂತ ಕೆಂಪು ಪೈನ್ ಕಂಡರೆ, ಅದು ಮನುಷ್ಯರು ನೆಟ್ಟದ್ದು ಎಂದು ತಿಳಿಯಬಹುದು.

ಹಾಗಾಗಿ ಇಲ್ಲಿ ಕೊಡಲಿಯನ್ನು ಪೂರ್ತಿ ಶತ್ರು ಅನ್ನುವ ಹಾಗಿಲ್ಲ, ಪೂರ್ತಿ ನಂಬುವ ಹಾಗೂ ಇಲ್ಲ. ಮರದ ಸ್ವಭಾವ ನೋಡಿ ಕಡಿಯಬೇಕು.

ಶುಗರ್ ಮೇಪಲ್ ತೆಗೆದುಕೊಳ್ಳಿ. ಅದರ ಸಸಿ ನೆರಳಿನಲ್ಲೇ ಹತ್ತಾರು ವರ್ಷ ಕಾದು ನಿಲ್ಲಬಲ್ಲದು. ಮೇಲೆ ಒಂದು ದೊಡ್ಡ ಮರ ಬಿದ್ದು ಬೆಳಕು ಬಂತೆಂದರೆ ಎದ್ದುಬಿಡುತ್ತದೆ. ಆದ್ದರಿಂದ ಇಂಥ ಕಾಡಿನಲ್ಲಿ ಆರಿಸಿ ಕಡಿಯುತ್ತಾರೆ. ಫಾರೆಸ್ಟರ್ ಒಂದು ಜಾಗದಲ್ಲಿ ನಿಂತು, ಬೆಣೆಯಾಕಾರದ ಚಿಕ್ಕ ಗಾಜಿನ ಪ್ರಿಸಂ ಹಿಡಿದು ಸುತ್ತಲೂ ನೋಡುತ್ತಾನೆ. ಗಾಜಿನೊಳಗೆ ಪ್ರತಿ ಕಾಂಡವೂ ಪಕ್ಕಕ್ಕೆ ಜರುಗಿದಂತೆ ಕಾಣುತ್ತದೆ. ಜರುಗಿದ ತುಂಡು ಗಾಜಿನ ಹೊರಗೆ ಕಾಣುವ ಕಾಂಡಕ್ಕೆ ಇನ್ನೂ ತಾಗಿಕೊಂಡಿದ್ದರೆ ಆ ಮರ ಲೆಕ್ಕಕ್ಕೆ, ಪೂರ್ತಿ ಬಿಟ್ಟುಹೋಗಿದ್ದರೆ ಇಲ್ಲ. ಹತ್ತರ ಪ್ರಿಸಂ ಆದರೆ ಎಣಿಸಿದ ಮರಗಳನ್ನು ಹತ್ತರಿಂದ ಗುಣಿಸುತ್ತಾನೆ. ಒಂದು ಎಕರೆಯಲ್ಲಿ ಎದೆಮಟ್ಟದಲ್ಲಿ ಕಾಂಡಗಳು ಒಟ್ಟು ಎಷ್ಟು ಚದರಡಿ ಇವೆ ಎಂದು ಸಿಕ್ಕಿತು. ಟೇಪೇ ಬೇಕಿಲ್ಲ. ಆಮೇಲೆ ಮಾರ್ಕಿಂಗ್. ಟೊಳ್ಳು ಬಿದ್ದದ್ದು, ಸೊಟ್ಟಗಾದದ್ದು, ಪಕ್ಕದ ಒಳ್ಳೆಯ ಮರವನ್ನು ಒತ್ತುತ್ತಿರುವುದು, ಇವಕ್ಕೆ ಬಣ್ಣದ ಗುರುತು ಬೀಳುತ್ತದೆ. ಹಾಗಂತ ಎಲ್ಲ ಟೊಳ್ಳು ಮರವನ್ನೂ ತೆಗೆಯುವುದಿಲ್ಲ. ಗೂಬೆ, ಮರಕುಟಿಗಗಳಿಗೆ ಅದೇ ಮನೆ ಅಲ್ವಾ?

ಆಸ್ಪೆನ್ ಇದಕ್ಕೆ ಉಲ್ಟಾ. ನೆರಳು ಕಂಡರೆ ಆಗದು. ಒಂದೆರಡು ಮರ ಮಾತ್ರ ಕಡಿದರೆ ಹೊಸ ಚಿಗುರು ಬಂದರೂ ಸೊರಗಿ ಸಾಯುತ್ತದೆ. ಒಟ್ಟಿಗೆ ಕಡಿದರೆ ಮಣ್ಣಿನೊಳಗೆ ಉಳಿದ ಬೇರಿನಿಂದ ಎಕರೆಗೆ ಸಾವಿರಾರು ಚಿಗುರು ಏಳುತ್ತವೆ. ಆ ದಟ್ಟ ಮೆಳೆಯಲ್ಲೇ ಗ್ರೌಸ್ ಎಂಬ ಕಾಡುಕೋಳಿ ಮರಿಗಳನ್ನು ಸಾಕುತ್ತದೆ. ಬಯಲು ಮಾಡಿದ ಜಾಗ ನೋಡಿ ಹೊಟ್ಟೆ ಉರಿಯುವುದು ಸಹಜ. ಆದರೆ ಮೂರು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋಗಿ ನೋಡದೆ ಅದು ಹಾಳೋ ಅಲ್ಲವೋ ಎಂದು ಹೇಳಬಾರದು.

ಕಾಲವನ್ನೂ ಹಂಚುತ್ತಾರೆ. ಜೌಗಿನ ಕಡೆ ಚಳಿಗಾಲದಲ್ಲೇ ಕಡಿತ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿರುವಾಗ ಯಂತ್ರ ಓಡಿದರೆ ಮಣ್ಣು ಕೆಡುವುದು ಕಡಿಮೆ. ಹಿಮ ಕರಗುವ ಹೊತ್ತಿಗೆ ರಸ್ತೆಗಳಲ್ಲಿ ಭಾರದ ಲಾರಿಗೆ ತಡೆ. ಇನ್ನು ಕಾಡಿನೊಳಗೆ ಐದು ಕಡೆ ‘ವೈಲ್ಡರ್ನೆಸ್’ ಎಂದು ಕಾನೂನಿನಲ್ಲೇ ಬಿಟ್ಟ ಜಾಗಗಳಿವೆ. ರೇನ್‌ಬೋ ಲೇಕ್ ಅದರಲ್ಲೊಂದು. ಅಲ್ಲಿ ಮರ ಕಡಿಯುವಂತಿಲ್ಲ, ಮೋಟಾರು ಓಡಿಸುವಂತಿಲ್ಲ. ನಡೆದೋ, ಹುಟ್ಟು ಹಾಕುವ ದೋಣಿಯಲ್ಲೋ ಹೋಗಬೇಕು.

ಯಾರು ಎಷ್ಟು ಕಡಿಯಬೇಕೆಂದು ಬರೀ ಅಧಿಕಾರಿಗಳು ಕೂತು ತೀರ್ಮಾನಿಸಿದರೆ ಸಾಲದು ಎಂಬುದು 1970ರ ದಶಕದಲ್ಲಿ ಕೋರ್ಟ್ ಮೆಟ್ಟಿಲೇರಿದ ಜಗಳಗಳಿಂದ ಬಂದ ತಿಳಿವಳಿಕೆ. 1976ರ ಕಾಯ್ದೆ ಪ್ರತಿ ನ್ಯಾಷನಲ್ ಫಾರೆಸ್ಟ್‌ಗೂ ಒಂದು ಯೋಜನೆ ಬರೆಯಬೇಕು, ಜನರ ಅಭಿಪ್ರಾಯ ಕೇಳಬೇಕು ಎಂದಿತು. ಇಲ್ಲಿನ ಯೋಜನೆ 2004ರದ್ದು.

ಅಭ್ಯಾಸ ಮಾಡುವವರಿಗೂ ಇದು ದೊಡ್ಡ ಪಾಠಶಾಲೆ. ಆರ್ಗಾನ್ ಎಕ್ಸ್‌ಪೆರಿಮೆಂಟಲ್ ಫಾರೆಸ್ಟ್ ಎಂಬ ಭಾಗದಲ್ಲಿ ಬೇರೆ ಬೇರೆ ಬಗೆಯ ಕಡಿತವನ್ನು 1950ರ ದಶಕದಿಂದ ಹೋಲಿಸಿ ನೋಡುತ್ತಿದ್ದಾರೆ. ಪಾರ್ಕ್ ಫಾಲ್ಸ್ ಹತ್ತಿರ 447 ಮೀಟರ್ ಎತ್ತರದ ಟಿವಿ ಟವರ್ ಒಂದಿದೆ. ಕಾಡು ಎಷ್ಟು ಇಂಗಾಲದ ಡೈಆಕ್ಸೈಡ್ ಹೀರುತ್ತದೆ, ಎಷ್ಟು ಬಿಡುತ್ತದೆ ಎಂದು 1990ರ ದಶಕದಿಂದ ಅದರ ಮೇಲೆ ಉಪಕರಣ ಇಟ್ಟು ಅಳೆಯುತ್ತಾರೆ. ಜಿಂಕೆ ಹೊಗದಂತೆ ಬೇಲಿ ಹಾಕಿದ ತುಂಡುಗಳನ್ನೂ ಈ ಸೀಮೆಯಲ್ಲಿ ಕಾಣಬಹುದು. ಒಳಗೆ ಎಳೆ ಗಿಡಗಳು ತುಂಬಿರುತ್ತವೆ, ಹೊರಗೆ ಜಿಂಕೆಗಳು ಹೆಮ್‌ಲಾಕ್ ಸಸಿಗೆ ತಲೆ ಎತ್ತಲು ಬಿಡುವುದಿಲ್ಲ. ಕಾಡಿನ ನಾಳೆಯನ್ನು ಗರಗಸಕ್ಕಿಂತ ಜಾಸ್ತಿ ಜಿಂಕೆಯ ಬಾಯಿ ತೀರ್ಮಾನಿಸುವ ಜಾಗಗಳಿವೆ. ಬೇಟೆಯವರ ಮುಂದೆ ಈ ಮಾತು ಎತ್ತುವುದು ಕಷ್ಟ. ಎತ್ತಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ.

ನಮ್ಮ ಕಡೆಗೂ ಇದರ ಒಂದು ಎಳೆ ಇದೆ. ಫಾರೆಸ್ಟ್ ಸರ್ವಿಸ್‌ನ ಮೊದಲ ಮುಖ್ಯಸ್ಥ ಗಿಫರ್ಡ್ ಪಿಂಚೋ. ಆತ ಯುರೋಪಿನಲ್ಲಿ ಕಲಿಯುವಾಗ ದಾರಿ ತೋರಿದವರು ಡೀಟ್ರಿಚ್ ಬ್ರಾಂಡಿಸ್, ಬ್ರಿಟಿಷ್ ಇಂಡಿಯಾದ ಅರಣ್ಯ ಇಲಾಖೆಯ ಮೊದಲ ಇನ್ಸ್‌ಪೆಕ್ಟರ್ ಜನರಲ್. ಕಾಡಿನ ಬೆಳವಣಿಗೆ ಅಳೆದು ಅಷ್ಟೇ ಕಡಿಯುವ ವಿದ್ಯೆ ಎರಡೂ ಕಡೆ ಹೋಯಿತು. ಆದರೆ ಇಂಡಿಯಾದಲ್ಲಿ ಅದು ಪರಕೀಯ ಸರ್ಕಾರದ ಕೈಯಲ್ಲಿತ್ತು. ಹಳ್ಳಿಯವರ ಸೊಪ್ಪು, ಸೌದೆಗೆ ಕಟ್ಟುಪಾಡು ಬಿತ್ತು. 1930ರಲ್ಲಿ ಉತ್ತರ ಕನ್ನಡದ ಜನ ಜಂಗಲ್ ಸತ್ಯಾಗ್ರಹಕ್ಕೆ ಇಳಿದದ್ದಕ್ಕೆ ಈ ಸಿಟ್ಟೂ ಒಂದು ಕಾರಣ.

ವಿಸ್ಕಾನ್ಸಿನ್‌ನಲ್ಲೂ ಮೊದಲಿನಿಂದ ಇದ್ದವರ ಪ್ರಶ್ನೆ ಇದೆ. ಕಾಯ್ದೆಯ ಐದು ಬಳಕೆಗಳ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಒಜಿಬ್ವೆ ಜನ 1837 ಮತ್ತು 1842ರ ಒಪ್ಪಂದಗಳಲ್ಲಿ ನೆಲವನ್ನು ಬಿಟ್ಟುಕೊಟ್ಟಾಗ ಬೇಟೆ, ಮೀನು, ಕಾಡುತ್ಪತ್ತಿ ಸಂಗ್ರಹದ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರು. ರಾಜ್ಯ ಸರ್ಕಾರ ಬಹುಕಾಲ ಅದನ್ನು ಕಡೆಗಣಿಸಿತು. 1983ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಆ ಹಕ್ಕು ಇನ್ನೂ ಇದೆ ಎಂದು ಹೇಳಿತು. ಆಗ ಕೆರೆದಂಡೆಗಳಲ್ಲಿ ಅವರ ವಿರುದ್ಧ ನಡೆದ ಪ್ರತಿಭಟನೆಗಳು ಕೆಟ್ಟದಾಗಿದ್ದವು. 1998ರಲ್ಲಿ ಬುಡಕಟ್ಟುಗಳಿಗೂ ಫಾರೆಸ್ಟ್ ಸರ್ವಿಸ್‌ಗೂ ಒಡಂಬಡಿಕೆ ಆಯಿತು. ಈಗ ಒಜಿಬ್ವೆ ಕುಟುಂಬವೊಂದು ನ್ಯಾಷನಲ್ ಫಾರೆಸ್ಟ್‌ನಲ್ಲಿ ಬರ್ಚ್ ತೊಗಟೆ ತೆಗೆಯಬೇಕೆಂದರೆ, ಮಾರ್ಚ್‌ನಲ್ಲಿ ಮೇಪಲ್ ರಸ ಇಳಿಸಬೇಕೆಂದರೆ, ಪರವಾನಗಿ ಕೊಡುವುದು ಅವರದೇ ಬುಡಕಟ್ಟಿನ ಸರ್ಕಾರ.