ನಕ್ಷತ್ರ ಹಾಕಿದರೆ ದಪ್ಪ, ಎಂಟರ್ ಒತ್ತಿದರೆ ಚಿತ್ರಾನ್ನ

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಗೇರ್ ಸೈಕಲ್ ಮಾರೋಣ ಅಂತ ಒಂದು ಜಾಲತಾಣದಲ್ಲಿ ಜಾಹೀರಾತು ಬರೆದೆ. ಬೆಲೆ ಒಂದು ಸಾಲು, ಕೊಂಡ ವರ್ಷ ಒಂದು ಸಾಲು, ಹಿಂದಿನ ಬ್ರೇಕ್ ಸಡಿಲ ಅನ್ನೋದು ಇನ್ನೊಂದು ಸಾಲು. ಪ್ರಕಟವಾದ ಮೇಲೆ ನೋಡಿದರೆ ಎಲ್ಲ ಸೇರಿ ಚಿತ್ರಾನ್ನ: "ಬೆಲೆ 6500 2019ರಲ್ಲಿ ಕೊಂಡದ್ದು ಹಿಂದಿನ ಬ್ರೇಕ್ ಸಡಿಲ".

ಆ ತಾಣದಲ್ಲಿದ್ದದ್ದು ಚಿಹ್ನೆಗಳಿಂದಲೇ ಬರಹಕ್ಕೆ ದಪ್ಪ, ಪಟ್ಟಿ ಮುಂತಾದ ರೂಪ ಕೊಡುವ ಪದ್ಧತಿ, ಮಾರ್ಕ್‌ಡೌನ್. ಅಮೆರಿಕದ ಜಾನ್ ಗ್ರೂಬರ್ 2004ರಲ್ಲಿ ಇದನ್ನು ಹೊರತಂದರು. ಆಗಿನ್ನೂ ಹದಿಹರೆಯದಲ್ಲಿದ್ದ ಆರನ್ ಸ್ವಾರ್ಟ್ಜ್ ಜೊತೆಗೂಡಿದ್ದರು. ಚಿಹ್ನೆಗಳು ಇವರ ಹೊಸ ಶೋಧವೇನಲ್ಲ. ಬರೀ ಅಕ್ಷರಗಳ ಈಮೇಲ್ ಕಾಲದಲ್ಲಿ ಜನರೇ ಒತ್ತಿ ಹೇಳಲು ಪದದ ಆಚೀಚೆ ನಕ್ಷತ್ರ ಹಾಕುತ್ತಿದ್ದರು, ಪಟ್ಟಿಗೆ ಸಾಲಿನ ಮುಂದೆ ಅಡ್ಡಗೀಟು ಇಡುತ್ತಿದ್ದರು. ಆ ರೂಢಿಯನ್ನೇ ಕಂಪ್ಯೂಟರಿಗೆ ಕಲಿಸಿದರು, ಅಷ್ಟೇ.

ನನ್ನ ಸಾಲುಗಳು ಅಂಟಿಕೊಂಡದ್ದೂ ಆ ಈಮೇಲ್ ಕಾಲದ ಬಳುವಳಿ. ಆಗ ಉದ್ದ ಸಾಲನ್ನು ಸುಮಾರು 72 ಅಕ್ಷರಕ್ಕೆ ಮುರಿಯುತ್ತಿದ್ದರು. ಆ ಮುರಿತಗಳು ಹಾಗೇ ಉಳಿದರೆ ಬೇರೆ ಅಗಲದ ಪರದೆಯಲ್ಲಿ ಸಾಲುಗಳು ತುಂಡುತುಂಡಾಗುತ್ತವೆ. ಹಾಗಾಗಿ ಎಂಟರ್ ಒಂದೇ ಸಲ ಒತ್ತಿದರೆ ಮಾರ್ಕ್‌ಡೌನ್ ಅದನ್ನು ಪದಗಳ ನಡುವಿನ ಜಾಗ ಅಂದುಕೊಳ್ಳುತ್ತದೆ. ಹೊಸ ಪ್ಯಾರಾ ಬೇಕಾದರೆ ಖಾಲಿ ಸಾಲು ಬಿಡಬೇಕು. ಸಾಲು ಮಾತ್ರ ಮುರಿಯಲು ಕೊನೆಯಲ್ಲಿ ಎರಡು ಸ್ಪೇಸ್. ಕಣ್ಣಿಗೇ ಕಾಣದ್ದಕ್ಕೆ ಅರ್ಥ ಕೊಟ್ಟದ್ದು ನನಗಂತೂ ಹಿಡಿಸಿಲ್ಲ! ಮಾರುವವರಿಗೆ ಪಟ್ಟಿಯೇ ವಾಸಿ:

- ಬೆಲೆ: 6500
- ಕೊಂಡದ್ದು: 2019
- ಹಿಂದಿನ ಬ್ರೇಕ್ ಸಡಿಲ

ನೇರವಾಗಿ ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್ ಬರೆಯಲು ಬಿಡಬಹುದಲ್ವಾ? ಬಿಟ್ಟರೆ ಅದರ ಜೊತೆ ಕೋಡೂ ನುಸುಳಬಹುದು. 2005ರಲ್ಲಿ ಮೈಸ್ಪೇಸ್ ತಾಣದ ಬಳಕೆದಾರನೊಬ್ಬ ತನ್ನ ಪುಟದಲ್ಲಿ ಅಡಗಿಸಿಟ್ಟ ಕೋಡ್ ಒಂದೇ ದಿನದೊಳಗೆ 10 ಲಕ್ಷಕ್ಕೂ ಜಾಸ್ತಿ ಖಾತೆಗಳಿಗೆ ಹಬ್ಬಿತ್ತು. ಮೂಲ ಮಾರ್ಕ್‌ಡೌನ್ ಕೂಡ ಎಚ್‌ಟಿಎಂಎಲ್‌ಗೆ ಬಾಗಿಲು ತೆರೆದೇ ಇಟ್ಟಿದೆ. ಎಚ್ಚರದ ತಾಣಗಳು ಅದನ್ನು ಸೋಸುತ್ತವೆ.

ಪ್ಯಾರಾದ ಮೊದಲಿಗೇ "2019. ಜೂನ್‌ನಲ್ಲಿ ಕೊಂಡದ್ದು" ಅಂತ ಬರೆದು ನೋಡಿ. ಅಂಕಿ, ಚುಕ್ಕಿ, ಜಾಗ ಕಂಡ ಕೂಡಲೇ ಅದು ಸಂಖ್ಯೆ ಹಾಕಿದ ಪಟ್ಟಿಯಾಗುತ್ತದೆ. ಹಳೆಯ ಆವೃತ್ತಿಯಲ್ಲಿ 2019 ಹೋಗಿ ಬರೀ 1 ಉಳಿಯುತ್ತದೆ! ಚುಕ್ಕಿಗೆ ಮುಂಚೆ ಒಂದು \ ಹಾಕಿದರೆ ಸರಿಹೋಗುತ್ತದೆ.

ಕನ್ನಡಕ್ಕೆ ಇನ್ನೊಂದು ಪೇಚಿದೆ. ನಮ್ಮ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುತ್ತವೆ. ಮಾರ್ಕ್‌ಡೌನ್ ನಿಯಮಗಳನ್ನು ಖಚಿತಗೊಳಿಸಲು 2014ರಲ್ಲಿ ಬಂದ ಕಾಮನ್‌ಮಾರ್ಕ್ ನಿಯಮದಂತೆ **ಬೆಲೆ**ಯಲ್ಲಿ ಎಂದು ಬರೆದರೆ "ಬೆಲೆ" ಮಾತ್ರ ದಪ್ಪವಾಗುತ್ತದೆ. __ಬೆಲೆ__ಯಲ್ಲಿ ಎಂದು ಬರೆದರೆ ಗೀಟುಗಳು ಹಾಗೇ ಉಳಿಯುತ್ತವೆ. ಫೈಲ್ ಹೆಸರುಗಳ ನಡುವೆ ಕೆಳಗೀಟು ಬರುವುದು ಸಾಮಾನ್ಯ, ಅವು ಕೆಡಬಾರದು ಅಂತ ಈ ಕಟ್ಟುಪಾಡು. ಕನ್ನಡದಲ್ಲಿ ನಕ್ಷತ್ರವನ್ನೇ ನಂಬಿ.

ಆಮೇಲೆ ಅದೇ ಜಾಹೀರಾತನ್ನು ವಾಟ್ಸಾಪ್‌ಗೂ ಹಾಕುವ ಆಸೆ ನಿಮಗಿದ್ದರೆ ನಕ್ಷತ್ರಗಳನ್ನು ಇನ್ನೊಮ್ಮೆ ಎಣಿಸಿ. ಅಲ್ಲಿ ದಪ್ಪಕ್ಕೆ ಆಚೀಚೆ ಒಂದೊಂದು ಸಾಕು. ಮಾರ್ಕ್‌ಡೌನ್‌ನಲ್ಲಿ ಒಂದೊಂದೇ ಹಾಕಿದರೆ ಅಕ್ಷರ ಓರೆಯಾಗುತ್ತದೆ, ದಪ್ಪಕ್ಕೆ ಎರಡೆರಡು ಬೇಕು. ಓರೆ ಮಾಡಿದ ಕನ್ನಡ ಅಕ್ಷರ ನನ್ನ ಕಣ್ಣಿಗೆ ಆ ಸೈಕಲ್ಲಿನ ಹಾಗೇ ಗೋಡೆಗೆ ಒರಗಿ ನಿಂತಂತೆ ಕಾಣುತ್ತದೆ.