ಪೋಷಕತ್ವ ಯೋಜನೆ: ಮಗು ಒಂದೇ ಮನೆಯಲ್ಲಿ ನೆಲೆ ನಿಲ್ಲಬೇಕಾದರೆ

ನಮ್ಮ ತುಮಕೂರು ಕಡೆ ಅಪ್ಪ-ಅಮ್ಮನ ಆಸರೆ ತಪ್ಪಿದ ಮಗುವಿನ ಮಾತು ಬಂದರೆ ಮೊದಲು ಕೇಳುವುದು ‘ಮಠಕ್ಕೆ ಸೇರಿಸಿಬಿಡಿ’, ಇಲ್ಲವೇ ‘ಹಾಸ್ಟೆಲ್‌ಗೆ ಹಾಕಿ’. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು, ಓದಿ ಬೆಳೆದ ಊರಿದು. ಹಾಗಾಗಿ ಆ ಮಾತು ಸಹಜವೇ. ಆದರೆ ಎಂ.ಎಸ್.ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ನಾವು ಇನ್ನೊಂದು ದಾರಿಯನ್ನೂ ಸರಿಯಾಗಿ ತಿಳಿದಿರಬೇಕು. ಅದೇ ಪೋಷಕತ್ವ (ಫಾಸ್ಟರ್ ಕೇರ್): ಹೆತ್ತವರದಲ್ಲದ ಒಂದು ಮನೆಯಲ್ಲಿ, ಸರ್ಕಾರದ ಉಸ್ತುವಾರಿಯಲ್ಲಿ, ಬೇಕಾದಷ್ಟು ಕಾಲ ಮಗು ಬೆಳೆಯುವುದು.

2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 44ರಲ್ಲಿ ಇದು ಬರುತ್ತದೆ. ಮಗುವನ್ನು ಯಾವ ಮನೆಗೆ ಕೊಡಬೇಕು ಅಂತ ಆದೇಶ ಮಾಡುವುದು ಮಕ್ಕಳ ಕಲ್ಯಾಣ ಸಮಿತಿ. ಹಣ ಬರುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಇಷ್ಟು ಬಾಯಿಪಾಠ ಇದ್ದರೆ ಎರಡು ಅಂಕದ ಪ್ರಶ್ನೆ ಮುಗಿಯಿತು. ‘ಮಗು ಒಂದೇ ಮನೆಯಲ್ಲಿ ನೆಲೆ ನಿಲ್ಲುವಂತೆ ಪೋಷಕತ್ವವನ್ನು ಹೇಗೆ ಸುಧಾರಿಸಬಹುದು?’ ಅನ್ನುವ ಹತ್ತು ಅಂಕದ ಪ್ರಶ್ನೆಗೆ ಒಂದು ಪ್ರಕರಣ ಇಟ್ಟುಕೊಂಡು ನೋಡೋಣ.

ಪಾವಗಡದ ಒಂದು ಹಳ್ಳಿ ಅಂದ್ಕೊಳ್ಳಿ. ಅಪ್ಪ ತೀರಿಕೊಂಡಿದ್ದಾನೆ. ಅಮ್ಮನಿಗೆ ದೀರ್ಘ ಕಾಯಿಲೆ, ಆಸ್ಪತ್ರೆಯೇ ಮನೆ ಆಗಿದೆ. ಒಂಬತ್ತು ವರ್ಷದ ಹುಡುಗಿ, ಆರು ವರ್ಷದ ತಮ್ಮ. ಮಧುಗಿರಿಯಲ್ಲಿ ಅಜ್ಜಿ ಇದ್ದಾಳೆ. ನಿಮ್ಮ ಮೊದಲ ಹೆಜ್ಜೆ ಏನು? ನಮ್ಮಲ್ಲಿ ಜಾಸ್ತಿ ಜನ ನೇರವಾಗಿ ‘ಪೋಷಕ ಕುಟುಂಬ ಹುಡುಕಬೇಕು’ ಅಂತ ಬರೆಯುತ್ತಾರೆ. ಅಲ್ಲ. ಮೊದಲು ಅಜ್ಜಿಯ ಮನೆ ಬಾಗಿಲು ತಟ್ಟಬೇಕು. ಅವಳು ಸಾಕುವುದಕ್ಕೆ ಒಪ್ಪಿ, ದುಡ್ಡಿನ ತೊಂದರೆ ಮಾತ್ರ ಇದ್ದರೆ ಅದಕ್ಕೆ ಸೆಕ್ಷನ್ 45ರ ಪ್ರಾಯೋಜಕತ್ವ, ಅಂದರೆ ಮಗು ಸಾಕಲು ಕುಟುಂಬಕ್ಕೆ ಹಣದ ನೆರವು, ಇದೆ. ಅಲ್ಲೂ ತಿಂಗಳಿಗೆ ಅದೇ 4,000. ಹಳ್ಳಿಯಲ್ಲಾದರೆ ಕುಟುಂಬದ ವರಮಾನ ವರ್ಷಕ್ಕೆ 72,000 ರೂಪಾಯಿ ದಾಟಿರಬಾರದು. ಮಗು ತನ್ನವರ ಜೊತೆಯೇ ಉಳಿಯುತ್ತದೆ. ‘ನನ್ನ ಕೈಲಾಗಲ್ಲ ಸ್ವಾಮಿ, ಕಣ್ಣೂ ಕಾಣಲ್ಲ’ ಅಂತ ಅಜ್ಜಿ ಹೇಳಿದ ಮೇಲೆ ಪೋಷಕತ್ವದ ಮಾತು.

ಆಗ ಅಕ್ಕ-ತಮ್ಮ ಇಬ್ಬರನ್ನೂ ಒಂದೇ ಮನೆಗೆ ಕಳಿಸಲು ಎಲ್ಲ ಪ್ರಯತ್ನ ಮಾಡಬೇಕು, ಬೇರೆ ಮಾಡುವುದೇ ಮಕ್ಕಳಿಗೆ ಒಳ್ಳೆಯದು ಅನ್ನಿಸಿದಾಗ ಮಾತ್ರ ಬೇರೆ. ಇದು ಕಾಯ್ದೆಯಲ್ಲೇ ಇದೆ. ಅಮ್ಮ ಆಗಾಗ ಬಂದು ನೋಡಬಹುದು. ಅವಳು ಚೇತರಿಸಿಕೊಂಡು, ಸಾಕಬಲ್ಲಳು ಅಂತ ಸಮಿತಿಗೆ ಖಾತ್ರಿಯಾದರೆ ಮಕ್ಕಳು ವಾಪಸ್ ಹೋಗಬಹುದು. ಪೋಷಕ ಕುಟುಂಬಕ್ಕೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ಹೇಳದೆ ಕಳಿಸಿದರೆ, ಅಮ್ಮ ಬಂದ ದಿನ ಆ ಮನೆಯವರ ಮುಖ ಸಪ್ಪಗಾಗುತ್ತದೆ. ಮಗು ಅದನ್ನು ನೋಡುತ್ತದೆ.

ಈಗ ನನಗೆ ಮುಖ್ಯ ಅನ್ನಿಸುವ ಭಾಗ. ಮನೆ ಆರಿಸುವಾಗ ಎಲ್ಲರೂ ಬಹಳ ಎಚ್ಚರ ವಹಿಸುತ್ತಾರೆ: ವರಮಾನ, ಆರೋಗ್ಯ, ಪೊಲೀಸ್ ಪರಿಶೀಲನೆ, ಗೃಹ ಅಧ್ಯಯನ ವರದಿ. ಆದರೆ ವ್ಯವಸ್ಥೆ ಮುರಿದುಬೀಳುವುದು ಸಾಮಾನ್ಯವಾಗಿ ಮಗು ಮನೆ ಸೇರಿದ ಮೇಲೆ, ಸಣ್ಣ ಸಣ್ಣ ವಿಷಯಕ್ಕೆ. ಬಾಲಮಂದಿರದಿಂದ (ಸರ್ಕಾರದ ಮಕ್ಕಳ ವಸತಿಗೃಹದಿಂದ) ಬಂದ ಇನ್ನೊಬ್ಬ ಹುಡುಗಿ ನೀರು ಕುಡಿಯಲೂ ಕೇಳಿ ಹೋಗುತ್ತಾಳೆ. ಬಟ್ಟೆಯ ಮಡಿಕೆ ನಡುವೆ ಒಣಗಿದ ಚಪಾತಿ ಸಿಗುತ್ತದೆ. ಮನೆಯಾಕೆಗೆ ಅವಮಾನ: ‘ನಾವೇನು ಹೊಟ್ಟೆಗೆ ಹಾಕಲ್ವಾ?’ ಆ ಹೊತ್ತಿಗೆ ಫೋನ್ ಎತ್ತಿ, ‘ಇದು ಕಳ್ಳತನ ಅಲ್ಲಕ್ಕಾ, ನಾಳೆಯೂ ಊಟ ಸಿಗುತ್ತೆ ಅನ್ನೋ ನಂಬಿಕೆ ಅವಳಿಗೆ ಇನ್ನೂ ಬಂದಿಲ್ಲ. ಒಂದು ಡಬ್ಬಿಗೆ ಬಿಸ್ಕತ್ತು ಹಾಕಿ ಅವಳ ಕೈಗೇ ಕೊಡಿ’ ಅನ್ನುವವರು ಒಬ್ಬರು ಬೇಕು. ಅಂಥವರು ಇಲ್ಲದಿದ್ದರೆ ಬೈಗುಳ, ಮುನಿಸು, ಕೊನೆಗೆ ‘ಈ ಮಗು ನಮ್ಮ ಮನೆಗೆ ಹೊಂದಲ್ಲ’. ಮಗು ಮತ್ತೆ ಬಾಲಮಂದಿರಕ್ಕೆ.

ಸ್ಥಿರತೆ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ರೊಮೇನಿಯಾದ ಬುಕಾರೆಸ್ಟ್ ಅಧ್ಯಯನ ಬರೆಯಿರಿ. ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಪೋಷಕ ಕುಟುಂಬಗಳಿಗೆ ಕೊಟ್ಟರು. ಆ ಮಕ್ಕಳ ಬುದ್ಧಿ ಬೆಳವಣಿಗೆ, ಹಚ್ಚಿಕೊಳ್ಳುವ ಗುಣ ಎರಡೂ ಉಳಿದವರಿಗಿಂತ ಚೆನ್ನಾಗಿದ್ದವು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಲಾಭ ಹೆಚ್ಚು. ಮುಂದಿನ ವರ್ಷಗಳಲ್ಲಿ ನೋಡಿದಾಗ, ಮೊದಲು ಸೇರಿದ ಮನೆಯಲ್ಲೇ ಉಳಿದ ಮಕ್ಕಳು, ಮನೆ ಬದಲಾದವರಿಗಿಂತ ಮುಂದಿದ್ದರು.

ಹಾಗಾದರೆ ಸುಧಾರಣೆ ಅಂದರೇನು? ಸುಮ್ನೆ ‘ಜಾಗೃತಿ ಮೂಡಿಸಬೇಕು’ ಅಂತ ಬರೆದರೆ ಅಂಕ ಸಿಗಲ್ಲ. ಮಗುವನ್ನು ಒಮ್ಮೆಗೇ ಸಾಗಿಸಬೇಡಿ. ಮೊದಲು ಭೇಟಿ, ಆಮೇಲೆ ಒಂದು ಭಾನುವಾರ, ಆಮೇಲೆ ದಸರಾ ರಜೆ, ಹೀಗೆ ಮನೆಯನ್ನು ಪರಿಚಯಿಸಿ. ಆಗುವಷ್ಟು ಮಟ್ಟಿಗೆ ಅದೇ ತಾಲ್ಲೂಕಿನ ಮನೆ ಇರಲಿ, ಶಾಲೆ ಬದಲಾಗದ ಹಾಗೆ. ಸಮಿತಿ ತಿಂಗಳಿಗೊಮ್ಮೆ ಪೋಷಕ ಕುಟುಂಬವನ್ನು ಪರಿಶೀಲಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅದು ಫಾರಂ ತುಂಬುವ ಭೇಟಿ ಆಗಬಾರದು. ಮಗುವಿನ ಜೊತೆ ಬೇರೆಯಾಗಿ ಕೂತು ಮಾತಾಡಬೇಕು, ಮನೆಯವರು ಕೇಳದ ಹಾಗೆ. ಹಣ ತಡವಾಗಬಾರದು, ಅದು ಹೇಳಬೇಕಾದ್ದೇ ಇಲ್ಲ.

ದತ್ತು ವಿಷಯದಲ್ಲಿ ಒಂದು ಗೊಂದಲ ಇದೆ. ಕೇಂದ್ರದ 2024ರ ಪರಿಷ್ಕೃತ ಪೋಷಕತ್ವ ಮಾರ್ಗಸೂಚಿಯಲ್ಲಿ ಒಂಟಿಯಾಗಿರುವವರೂ ಪೋಷಕರಾಗಬಹುದು. ಪೋಷಕರು ಮಗುವನ್ನು ದತ್ತು ಪಡೆಯಲು ಮೊದಲು ಐದು ವರ್ಷ ಸಾಕಿರಬೇಕಿತ್ತು, ಈಗ ಎರಡು. ಹಾಗಂತ ಎರಡು ವರ್ಷ ಸಾಕಿದರೆ ಮಗು ತಾನಾಗಿ ನಮ್ಮದು ಅಂತಲ್ಲ. ಮಗು ಕಾನೂನಿನ ಪ್ರಕಾರ ದತ್ತುವಿಗೆ ಮುಕ್ತವಾಗಿರಬೇಕು, ಐದು ವರ್ಷ ದಾಟಿದ್ದರೆ ಮಗುವಿನ ಒಪ್ಪಿಗೆಯೂ ಬೇಕು. ನಮ್ಮ ಪಾವಗಡದ ಮಕ್ಕಳಿಗೆ ಅಮ್ಮ ಇದ್ದಾಳೆ, ವಾಪಸ್ ಕರೆದುಕೊಳ್ಳುವ ಆಸೆಯೂ ಇದೆ. ಅವರ ವಿಷಯದಲ್ಲಿ ದತ್ತುವಿನ ಮಾತೇ ಬರುವುದಿಲ್ಲ, ಅಲ್ವಾ? ಉತ್ತರದಲ್ಲಿ ಬರೆಯಬೇಕಾದ್ದು ಅಮ್ಮನ ಚಿಕಿತ್ಸೆಯ ಸ್ಥಿತಿಯನ್ನು ಸಮಿತಿ ಯಾವಾಗ, ಯಾರ ಮೂಲಕ ಮತ್ತೆ ವಿಚಾರಿಸುತ್ತದೆ ಅನ್ನುವುದನ್ನು.