ಸಮಾಲೋಚಕರ ಮುಂದೆ ಆಡಿದ ಮಾತು ಮನೆಯವರಿಗೂ ಸೇರಿದ್ದಾ?

ಮಂಡ್ಯ ಕಡೆ ಆಪ್ತ ಸಮಾಲೋಚನೆಗೆ ಒಬ್ಬರೇ ಬರುವುದು ಕಡಿಮೆ. ಜೊತೆಗೆ ಅಪ್ಪ ಬರುತ್ತಾರೆ, ಹೆಂಡತಿ ಬರುತ್ತಾರೆ, ಒಮ್ಮೊಮ್ಮೆ ಪಕ್ಕದ ಮನೆಯವರೂ. ಒಳಗೆ ಸಾಲ, ಕುಡಿತ, ನಿದ್ದೆಗೆಟ್ಟ ರಾತ್ರಿಗಳ ಮಾತಾಗುತ್ತದೆ. ಹೊರಗೆ ಕಾದವರ ಪ್ರಶ್ನೆ ಒಂದೇ: "ಏನಂದ, ನಮ್ಗೂ ಸ್ವಲ್ಪ ಹೇಳಿ." ಅವರ ಆತಂಕ ನಿಜವಾದದ್ದೇ. ಆದರೂ ಹೇಳಬಹುದಾ?

ಬಹಳ ಕಾಲ ನಮ್ಮ ಕಾನೂನು ಈ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮಾನಸಿಕ ರೋಗಿಗಳ ಬಗ್ಗೆ ಬ್ರಿಟಿಷರು ತಂದ 1912ರ ಕಾಯ್ದೆಗೆ ಮುಖ್ಯವಾಗಿದ್ದದ್ದು ಯಾರನ್ನು ಎಲ್ಲಿ ಕೂಡಿಹಾಕಬೇಕು ಎನ್ನುವುದು. 1987ರ ಕಾಯ್ದೆ ಸ್ವಲ್ಪ ಮೆತ್ತಗಾಯಿತು, ಅಷ್ಟೆ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಒಂದು ಕಡೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದವರು ಓಡಲಾಗದೆ 28 ಜನ ಸತ್ತರು. ಗುಣವಾಗಲಿ ಎಂದು ಮನೆಯವರೇ ಅಲ್ಲಿ ಬಿಟ್ಟು ಬಂದವರು ಅವರಲ್ಲಿ ಎಷ್ಟೋ ಜನ.

2015ರಲ್ಲಿ ಮಂಡ್ಯದ ರೈತರ ಆತ್ಮಹತ್ಯೆಗಳು ಒಂದರ ಹಿಂದೊಂದು ಸುದ್ದಿಯಾದವು. ಆಗ ಆತ್ಮಹತ್ಯೆಗೆ ಯತ್ನಿಸುವುದು ಐಪಿಸಿಯ (ಭಾರತೀಯ ದಂಡ ಸಂಹಿತೆ) 309ನೇ ಕಲಮಿನ ಪ್ರಕಾರ ಅಪರಾಧ. ಬದುಕಿ ಉಳಿದವರು ಬಾಯಿ ಬಿಟ್ಟರೆ ಕೇಸಿನ ಭಯ. ಅಂಥವರಿಂದ ಸಮಾಲೋಚಕರು ನಿಜ ಕೇಳುವುದಾದರೂ ಹೇಗೆ?

2017ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಅದು ಭಾವಿಸುತ್ತದೆ. 2024ರಲ್ಲಿ ಐಪಿಸಿಯ ಜಾಗಕ್ಕೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐಪಿಸಿಯ ಆ 309ನೇ ಕಲಮನ್ನು ಉಳಿಸಿಕೊಂಡಿಲ್ಲ. ಗುಟ್ಟಿನ ವಿಷಯ 2017ರ ಕಾಯ್ದೆಯ 23ನೇ ಕಲಮಿನಲ್ಲಿದೆ. ಚಿಕಿತ್ಸೆಯ ಮಾಹಿತಿ ಗುಟ್ಟಾಗಿ ಉಳಿಯುವುದು ಆ ವ್ಯಕ್ತಿಯ ಹಕ್ಕು. ಜೀವಕ್ಕೆ ಅಪಾಯವಿದ್ದರೆ, ಬೇರೆಯವರಿಗೆ ಹಾನಿಯಾಗುವಂತಿದ್ದರೆ, ಕೋರ್ಟು ಕೇಳಿದರೆ ವಿನಾಯಿತಿ ಉಂಟು. ಆಗಲೂ ಅಪಾಯ ತಪ್ಪಿಸಲು ಬೇಕಾದಷ್ಟನ್ನೇ ಹೇಳಬೇಕು. ಮಗ ಸಾಯುವ ಮಾತಾಡಿದ್ದಾನೆ ಎಂದು ಅಪ್ಪನಿಗೆ ತಿಳಿಸಬಹುದು. ಮಗನ ಪ್ರೀತಿಯ ವಿಷಯವನ್ನೂ ಸೇರಿಸಿ ಹೇಳಿದರೆ ಅದು ದ್ರೋಹ.

ಕಷ್ಟ ಇರುವುದು ಇವೆರಡರ ನಡುವೆ. ಕುಡಿತ ಬಿಡದ ಗಂಡನ ಬಗ್ಗೆ ಹೆಂಡತಿ ಕೇಳಿದಾಗ ಏನು ಮಾಡಬೇಕು? ಅವಳಿಗೆ ಏಟು ಬೀಳುವ ಭಯವಿದ್ದರೆ ಲೆಕ್ಕವೇ ಬದಲಾಗುತ್ತದೆ. ಇಂಥದ್ದನ್ನು ಸಮಾಲೋಚಕರು ಒಬ್ಬರೇ ತೀರ್ಮಾನಿಸದೆ ಹಿರಿಯ ಸಹೋದ್ಯೋಗಿಯನ್ನು ಕೇಳಬೇಕು, ಕಾರಣ ಬರೆದಿಡಬೇಕು. ಯಾವುದು ಗುಟ್ಟಾಗಿರುತ್ತದೆ, ಯಾವುದು ಇರುವುದಿಲ್ಲ ಎನ್ನುವುದನ್ನು ಮೊದಲ ದಿನವೇ ಮನೆಯವರ ಎದುರಿಗೇ ಹೇಳಿಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯವರನ್ನು ದೂರ ಇಡಿ ಎಂದೇನೂ ಕಾಯ್ದೆ ಹೇಳುವುದಿಲ್ಲ. ತನ್ನ ಪರವಾಗಿ ನಿಲ್ಲುವವರನ್ನು ವ್ಯಕ್ತಿಯೇ ಆರಿಸಿಕೊಳ್ಳಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಅದು ಅಪ್ಪನೇ ಆಗಬೇಕೆಂದಿಲ್ಲ, ಗೆಳೆಯನೂ ಆಗಬಹುದು.